ಬೂದಿಯ ರೋಟರಿಯಲ್ಲಿ ಹೋದ ಕೈ

ಆ ಸಿಮೆಂಟ್ ಕಾರ್ಖಾನೆಗೆ ನಾನು ಕಾಲಿಟ್ಟ ಮೊದಲ ದಿನವೇ ಒಬ್ಬ ಮನುಷ್ಯ ನನ್ನ ಕಡೆಗೆ ಸುತ್ತಿಗೆ ಎಸೆದ. ಮೇಲಿನ ಕಬ್ಬಿಣದ ಅಟ್ಟದಿಂದ ಬಂದ ಅದು ನನ್ನ ಬೂಟಿನಿಂದ ಎರಡು ಮೊಳ ದೂರದಲ್ಲಿ ಬಿದ್ದು, ಕಾಂಕ್ರೀಟಿನ ಚೂರೊಂದನ್ನು ನನ್ನ ಮೊಣಕಾಲಿಗೆ ಸಿಡಿಸಿತು. ತಲೆ ಎತ್ತಿ ನೋಡಿದೆ. ಹುಬ್ಬು, ಮೀಸೆ, ಕಿವಿ ಎಲ್ಲ ಬೂದಿಯಾಗಿದ್ದವನೊಬ್ಬ ಕಟಕಟೆಗೆ ಒರಗಿ ನಿಂತಿದ್ದ. "ಛೂಟ್ ಗಯಾ," ಅಂದ. ಕೈಜಾರಿತಂತೆ. ಕೈಜಾರಿದವನಿಗೆ ಗಾಬರಿಯಾಗಬೇಕು, ಇವನು ಸುತ್ತಿಗೆ ಎಷ್ಟು ದೂರ ಬಿತ್ತೆಂದು ಕಣ್ಣಲ್ಲೇ ಅಳೆಯುತ್ತಿದ್ದ.

ನಾನು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಅಪ್ಪ ಉಡುಪಿ ಕಡೆಯವರು. ಠಾಣೆ ಸ್ಟೇಷನ್ ಹತ್ತಿರದ ಹೋಟೆಲೊಂದರ ಅಡುಗೆಮನೆಯಲ್ಲಿ ಮೂವತ್ತು ವರ್ಷ ಸಾಂಬಾರು ಕುದಿಸಿ ನನ್ನನ್ನು ಇಂಜಿನಿಯರಿಂಗ್ ಓದಿಸಿದರು. ನಾನು ಕೆಲಸಕ್ಕಿದ್ದದ್ದು ನವಿ ಮುಂಬಯಿಯ ಮಹಾಪೆಯಲ್ಲಿ, ಹತ್ತು ಹನ್ನೆರಡು ಜನರಿದ್ದ ಒಂದು ಸಣ್ಣ ಕಂಪನಿಯಲ್ಲಿ. ಕಾರ್ಖಾನೆಗಳಲ್ಲಿ ಕೆಲಸಗಾರರು ಕೈಯಿಂದ ಮಾಡುವ ಅಳತೆ, ತೂಕ, ತೆರೆಯುವುದು, ಮುಚ್ಚುವುದು ಇವನ್ನೆಲ್ಲ ಕಂಪ್ಯೂಟರಿನ ಹಿಡಿತಕ್ಕೆ ತರುವುದು ನಮ್ಮ ಕಸುಬು.

ಕಲ್ಯಾಣದಿಂದ ಶಿಳ್ ಫಾಟಾಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ಈ ಕಾರ್ಖಾನೆ. ಸುಣ್ಣದಕಲ್ಲು ಸುಡುವ ಗೂಡು ಇಲ್ಲಿಲ್ಲ. ಸುಟ್ಟು ಗಟ್ಟಿಯಾದ ಕ್ಲಿಂಕರ್ ಬೇರೆ ಕಡೆಯಿಂದ ಬರುತ್ತದೆ. ಅದಕ್ಕೆ ಜಿಪ್ಸಂ ಮತ್ತು ಕಲ್ಲಿದ್ದಲು ಸುಟ್ಟುಳಿದ ಹಾರುಬೂದಿ ಬೆರೆಸಿ ಅರೆದು ಚೀಲ ತುಂಬುತ್ತಾರೆ, ಅಷ್ಟೆ. ಬೂದಿ ಹೆಚ್ಚಾದರೆ ಸಿಮೆಂಟು ಬಲ ಹಿಡಿಯಲು ತಡ ಮಾಡುತ್ತದೆ, ಕಡಿಮೆಯಾದರೆ ಕ್ಲಿಂಕರ್ ದಂಡ. ಆ ಬೂದಿ ಒಂದು ಎತ್ತರದ ಕಬ್ಬಿಣದ ಕಣಜದಲ್ಲಿ, ಅಂದರೆ ಸೈಲೋದಲ್ಲಿ, ಇರುತ್ತಿತ್ತು. ಅದರ ಬುಡದಲ್ಲೊಂದು ರೋಟರಿ: ಒಂದು ಉರುಟು ಕಬ್ಬಿಣದ ಪೆಟ್ಟಿಗೆ, ಒಳಗೆ ಆರು ಅಲಗುಗಳ ಚಕ್ರ. ಚಕ್ರ ತಿರುಗಿದಷ್ಟು ಬೂದಿ ಕೆಳಗಿಳಿಯುತ್ತದೆ. ಅದನ್ನು ಎಷ್ಟು ಜೋರಾಗಿ ತಿರುಗಿಸಬೇಕು ಎಂದು ಹತ್ತೊಂಬತ್ತು ವರ್ಷಗಳಿಂದ ನಿರ್ಧರಿಸುತ್ತಿದ್ದವನು ಆ ಸುತ್ತಿಗೆಯವನು. ಅರೆಯುವ ಗಿರಣಿಯ ಸದ್ದು ಕೇಳಿಸಿಕೊಂಡು, ಗುಬುಟು ತಿರುಗಿಸಿ, ಸಾಲದಿದ್ದರೆ ಸೈಲೋಗೆ ಸುತ್ತಿಗೆಯಿಂದ ಹೊಡೆದು ಬೂದಿ ಇಳಿಸುತ್ತಿದ್ದ. ಅವನ ಬದಲು ಆ ಕೆಲಸವನ್ನು ಪಿಎಲ್‌ಸಿಗೆ, ಅಂದರೆ ಒಂದು ಪ್ಯಾನೆಲಿನೊಳಗೆ ಕೂತ ಸಣ್ಣ ಗಣಕಕ್ಕೆ ಕಲಿಸಲು ನಾನು ಬಂದಿದ್ದೆ.

ಮೂರನೆಯ ದಿನ ಅಪ್ಪನ ಫೋನು ಬಂತು. ಮಾತಾಡಿ ಮುಗಿಸುವಷ್ಟರಲ್ಲಿ ಅವನು ಹಿಂದೆ ನಿಂತಿದ್ದ.

"ಕನ್ನಡದೋರೇನ್ರಿ ನೀವು?"

ಹೌದೆಂದೆ. ಅವನು ಕಲಬುರಗಿ ಕಡೆಯವನು. ಕಲ್ಲುಗಣಿಯಲ್ಲಿದ್ದ ಅಪ್ಪನ ಜೊತೆ ಚಿಕ್ಕಂದಿನಲ್ಲೇ ಕಲ್ಯಾಣಕ್ಕೆ ಬಂದವನು.

"ಮತ್ತ ನಮ್ಮ ಹೊಟ್ಟಿ ಮ್ಯಾಲೆ ಹೊಡಿಲಾಕ ನೀವೇ ಬರಬೇಕಾಗಿತ್ತೇನ್ರಿ?"

"ಯಾರ ಕೆಲಸವೂ ಹೋಗುವುದಿಲ್ಲ. ಆಫೀಸಿನವರು ನನಗೆ ಮಾತು ಕೊಟ್ಟಿದ್ದಾರೆ."

"ನಿಮಗ ಕೊಟ್ಟಾರ. ನಮಗ ಕೊಟ್ಟಿಲ್ಲಲ್ಲ," ಅಂದು ಕ್ಯಾಕರಿಸಿ ನನ್ನ ಕಾಲ ಪಕ್ಕದಲ್ಲೇ ಉಗಿದ. ಉಗುಳೂ ಬೂದಿಯ ಬಣ್ಣದ್ದೇ.

ಆದರೂ ಅವನೇ ನನಗೆ ಕಲಿಸಿದ. ಬೇರೆ ದಾರಿ ಇಬ್ಬರಿಗೂ ಇರಲಿಲ್ಲ. ಗಿರಣಿಯ ಸದ್ದು ಮಂದವಾದರೆ ಹೊಟ್ಟೆ ತುಂಬಿದೆ ಎಂದು, ಗಲಗಲ ಎಂದರೆ ಒಳಗಿನ ಉಕ್ಕಿನ ಗುಂಡುಗಳು ಒಂದಕ್ಕೊಂದು ಬಡಿದುಕೊಳ್ಳುತ್ತಿವೆ, ಅಂದರೆ ಹಸಿದಿದೆ ಎಂದು ತೋರಿಸಿಕೊಟ್ಟ. ಮಳೆಗಾಲದಲ್ಲಿ ಬೂದಿ ಪಸೆ ಹಿಡಿದು ಮುಷ್ಟಿ ಗಾತ್ರದ ಹೆಂಟೆಯಾಗುತ್ತದೆ, ರೋಟರಿಯ ಅಲಗಿಗೆ ಸಿಕ್ಕಿ ಜಾಮ್ ಆಗುತ್ತದೆ. ಆಗ ಏನು ಮಾಡುತ್ತೀರಿ ಎಂದು ಕೇಳಿದೆ.

"ಕೀಲಿ ಕೈ ತುಕ್ಕು ಹಿಡಿದು ಸಿಕ್ಕೊಂಡ್ರ ಏನ್ ಮಾಡ್ತೀರಿ? ಜರಾ ಹಿಂದ, ಮತ್ತ ಮುಂದ. ಹಂಗೇ ಇದಕ್ಕೂ. ಮೋಟರ್ ಉಲ್ಟಾ ತಿರುಗಸ್ಬೇಕು, ಆಮ್ಯಾಗ ಸೀದಾ. ಹೆಂಟಿ ಒಡದು ಪುಡಿ ಆಗ್ತದ."

ಅದನ್ನು ಹಾಗೇ ನನ್ನ ಪ್ರೋಗ್ರಾಮಿನಲ್ಲಿ ಬರೆದೆ. ರೋಟರಿ ಜಾಮ್ ಆದರೆ ತಾನೇ ನಿಲ್ಲಬೇಕು. ನಲವತ್ತು ಸೆಕೆಂಡು ಕಾದು, ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ತಿರುಗಿ ನೋಡಬೇಕು. ಬಿಡಿಸಿಕೊಳ್ಳದಿದ್ದರೆ ಮತ್ತೆ ನಲವತ್ತು ಸೆಕೆಂಡು. ಹೀಗೆ ಮೂರು ಸಲ. ಆಮೇಲಷ್ಟೇ ಮನುಷ್ಯರನ್ನು ಕರೆಯಬೇಕು. ಮಹಾಪೆಯ ಆಫೀಸಿನಲ್ಲಿ ಇದನ್ನು ತೋರಿಸಿದಾಗ ನಮ್ಮ ಸಾಹೇಬರು ಎಲ್ಲರನ್ನೂ ಕರೆದು ನೋಡಿ ಎಂದರು. ನನಗೆ ಬಹಳ ಹೆಮ್ಮೆಯಾಗಿತ್ತು.

ರೋಟರಿಯ ಪಕ್ಕದಲ್ಲಿ ಒಂದು ಸಣ್ಣ ಬಾಗಿಲಿತ್ತು, ಊಟದ ತಟ್ಟೆಯಷ್ಟು. ಹೆಂಟೆ ತೆಗೆಯಲು ಅದನ್ನು ತೆರೆದು ಕೈ ಹಾಕಬೇಕು. ಬಾಗಿಲು ತೆರೆದಿದ್ದಾಗ ಚಕ್ರ ತಿರುಗಲೇಬಾರದೆಂದು ಅದಕ್ಕೊಂದು ಸ್ವಿಚ್ ಹಾಕಿದ್ದೆವು. ಆ ಸ್ವಿಚ್ಚಿನೊಳಗೆ ಬೂದಿ ನುಗ್ಗುತ್ತಿತ್ತು. ಬಾಗಿಲು ಮುಚ್ಚಿದ್ದರೂ ತೆರೆದಿದೆ ಎಂದು ಸುಳ್ಳು ಹೇಳುತ್ತಿತ್ತು. ರೋಟರಿ ನಿಲ್ಲುತ್ತಿತ್ತು, ಹಿಂದೆಯೇ ಗಿರಣಿ ನಿಲ್ಲುತ್ತಿತ್ತು. ಟ್ರಯಲ್ ದಿನ ಒಂದೇ ಬೆಳಗ್ಗೆ ಐದು ಸಲ ಹೀಗಾಯಿತು. ಕಾರ್ಖಾನೆಯ ಮ್ಯಾನೇಜರು ಕಂಟ್ರೋಲ್ ರೂಮಿಗೆ ನುಗ್ಗಿ, ಮೇಜಿನ ಮೇಲಿದ್ದ ವಾಕಿಟಾಕಿಯನ್ನು ಎತ್ತಿ ಬೀಸಿ ಹೊಡೆದರು. ಅದು ಅಲ್ಲಿದ್ದ ಕಾರ್ಖಾನೆಯ ಎಲೆಕ್ಟ್ರಿಷಿಯನ್ನನ ಕೆನ್ನೆಗೆ ಬಿತ್ತು. ಅವನು ಬಾಯಿಯ ರಕ್ತ ಒರೆಸಿಕೊಂಡ. "ಮೇಡಂ, ಆಜ್ ಮಿಲ್ ಬಂದ್ ನಹೀ ಹೋನಾ ಚಾಹಿಯೇ," ಎಂದು ನನ್ನ ಮುಖದ ಹತ್ತಿರ ಬಂದು ಕೂಗಿದರು. ಇವತ್ತು ಗಿರಣಿ ನಿಲ್ಲಕೂಡದು.

ನಾನು ಪ್ಯಾನೆಲಿನ ಬಾಗಿಲು ತೆರೆದು, ಒಂದು ಗೇಣುದ್ದದ ನೀಲಿ ತಂತಿ ಕತ್ತರಿಸಿ, ಆ ಸ್ವಿಚ್ಚಿನ ಎರಡು ತುದಿಗಳನ್ನು ಜೋಡಿಸಿಬಿಟ್ಟೆ. ಇದಕ್ಕೆ ಜಂಪರ್ ಎನ್ನುತ್ತೇವೆ. ಅದಿದ್ದರೆ ಬಾಗಿಲು ತೆರೆದಿದ್ದರೂ ಪಿಎಲ್‌ಸಿಗೆ ಮುಚ್ಚಿದಂತೆಯೇ ಕಾಣುತ್ತದೆ. ಎರಡು ದಿನದ ಮಾತು, ಧೂಳು ಹೋಗದ ಹೊಸ ಸ್ವಿಚ್ ತರಿಸಿ ಇದನ್ನು ಕಿತ್ತುಹಾಕುತ್ತೇನೆ ಅಂದುಕೊಂಡೆ. ಹೊಸ ಸ್ವಿಚ್ ಬಂತು. ಕಂಟ್ರೋಲ್ ರೂಮಿನ ಡ್ರಾಯರಿನಲ್ಲಿ ಡಬ್ಬಿ ಒಡೆಯದೆ ಉಳಿಯಿತು. ಅಷ್ಟರಲ್ಲಿ ನನ್ನನ್ನು ತಳೋಜಾದ ಬಣ್ಣದ ಕಾರ್ಖಾನೆಗೆ ಕಳಿಸಿದ್ದರು. ನಾನು ಮರೆತೆ. ಇದಕ್ಕೆ ಬೇರೆ ಪದ ನನ್ನ ಬಳಿ ಇಲ್ಲ.

ಮೂರು ವಾರ ಕಳೆದು ಕೆಲಸ ಒಪ್ಪಿಸಿ ಸಹಿ ಹಾಕಿಸಿಕೊಳ್ಳಲು ಮತ್ತೆ ಹೋದೆ. ಜುಲೈ ತಿಂಗಳು, ಎರಡು ದಿನದಿಂದ ಬಿಡದ ಮಳೆ. ಬೆಳಗ್ಗೆ ಹನ್ನೊಂದರ ಸುಮಾರಿಗೆ ಮ್ಯಾನೇಜರರೂ ನಾನೂ ಕಂಟ್ರೋಲ್ ರೂಮಿನಲ್ಲಿ ಪರದೆಯ ಮುಂದೆ ಕೂತಿದ್ದೆವು. ರೋಟರಿ ಜಾಮ್ ಆಯಿತು. ಪರದೆಯಲ್ಲಿ ಹಳದಿ ದೀಪ ಮಿನುಗಿತು. ನಾನು ಕೈ ತೋರಿಸಿ, ಈಗ ನೋಡಿ, ತಾನೇ ಬಿಡಿಸಿಕೊಳ್ಳುತ್ತದೆ ಎಂದೆ. ಮೊದಲ ಸಲ ಆಗಲಿಲ್ಲ. ನಲವತ್ತು ಸೆಕೆಂಡು ಎಣಿಕೆ ಶುರುವಾಯಿತು. ಎರಡನೆಯ ಸಲ ಪರದೆಯಲ್ಲಿ ಮೋಟಾರಿನ ಭಾರ ತೋರಿಸುವ ಗೆರೆ ಸರ್ರನೆ ಮೇಲೇರಿತು, ಒಂದು ಕ್ಷಣ ಅಲ್ಲೇ ನಿಂತಿತು, ಆಮೇಲೆ ಇಳಿಯಿತು.

"ನೋಡಿದ್ರಾ? ಆಯ್ತು," ಎಂದೆ ನಾನು.

ಹಾಗೆ ಹೇಳಿದೆ. ಬಾಯಲ್ಲಿ ನಗು ಕೂಡ ಇತ್ತು. ಆ ಗೆರೆ ಇಳಿದದ್ದು ಹೆಂಟೆ ಒಡೆದದ್ದರಿಂದಲ್ಲ. ಗಿರಣಿಯ ಸದ್ದಿನಲ್ಲಿ ಕೂಗು ಕೇಳುವುದಿಲ್ಲ. ಒಬ್ಬ ಓಡಿಬಂದು ಗಾಜಿನ ಬಾಗಿಲಿಗೆ ಎರಡೂ ಕೈಯಿಂದ ಬಡಿದ. ಗಾಜಿನ ಮೇಲೆ ಬೂದಿ ಮೆತ್ತಿದ ಕೆಂಪು ಅಂಗೈ ಗುರುತು ಉಳಿಯಿತು.

ನಾನು ಕೆಳಗೋಡಿದಾಗ ಸುತ್ತಿಗೆಯವನು ನಿಂತೇ ಇದ್ದ. ರೋಟರಿ ನಿಂತಿದೆಯೆಂದು ಬಾಗಿಲು ತೆರೆದು ಹೆಂಟೆ ಕೀಳಲು ಬಲಗೈ ಹಾಕಿದ್ದ. ಈಗ ಮೊಣಕೈವರೆಗೂ ತೋಳು ಒಳಗಿತ್ತು. ಕೆನ್ನೆಯನ್ನು ಕಬ್ಬಿಣದ ಪೆಟ್ಟಿಗೆಗೆ ಒತ್ತಿಕೊಂಡು, ಕಣ್ಣು ಅಗಲ ಮಾಡಿ ನನ್ನನ್ನೇ ನೋಡಿದ. ಕೂಗುತ್ತಿರಲಿಲ್ಲ. ಬಾಗಿಲಿನ ಅಂಚಿನಿಂದ ರಕ್ತ ಇಳಿದು, ಬೂದಿಯಲ್ಲಿ ಬೆರೆತು, ಅವನ ಬೂಟಿನ ಮೇಲೆ ಮುದ್ದೆ ಮುದ್ದೆಯಾಗಿ ಬೀಳುತ್ತಿತ್ತು.

"ಮತ್ತ ತಿರುಗ್ತದೇನ್ರಿ?" ಅಂದ, ನಾನು ಅವನ ಬಾಯಿಯ ಹತ್ತಿರ ಕಿವಿ ಇಟ್ಟಾಗ. "ಇನ್ನೊಮ್ಮೆ ತಿರುಗ್ತದೇನ್ರಿ ಇದು?"

ಮೂರನೆಯ ಸಲ ಬಾಕಿ ಇತ್ತು. ನಾನು ಜೀವನದಲ್ಲಿ ಅಷ್ಟು ಜೋರಾಗಿ ಎಂದೂ ಓಡಿಲ್ಲ. ಮೇನ್ ಸ್ವಿಚ್ ಕೆಳಗೆಳೆಯುವಾಗ ನನ್ನ ಉಗುರು ಕಿತ್ತುಬಂತು, ಅದು ಗೊತ್ತಾದದ್ದು ಸಂಜೆ. ಗಿರಣಿ ನಿಂತಿತು. ಆಗ ಅವನ ಕೂಗು ಕೇಳಿತು. ನಾನು ಓಡಿದಾಗಿನಿಂದ ಅವನು ಕೂಗುತ್ತಲೇ ಇದ್ದನೋ, ಆಗ ಶುರುಮಾಡಿದನೋ ನನಗೆ ಇಂದಿಗೂ ಗೊತ್ತಿಲ್ಲ.

ಒಬ್ಬ ಚಕ್ರವನ್ನು ಹಿಂದಕ್ಕೆ ತಿರುಗಿಸೋಣ ಎಂದ. "ತಿರುಗಸಬ್ಯಾಡ್ರೋ, ನಿಮ್ಮವ್ವನ," ಎಂದು ಅವನು ಎಡಗೈಯಿಂದ ಹತ್ತಿರ ಸಿಕ್ಕವನ ಮುಖಕ್ಕೆ ಗುದ್ದಿದ. ಕೊನೆಗೆ ಪೆಟ್ಟಿಗೆಯ ಪಕ್ಕದ ತಗಡಿನ ಹನ್ನೆರಡು ಬೋಲ್ಟುಗಳನ್ನು ಬಿಚ್ಚಬೇಕಾಯಿತು. ನಾನೂ ಪಾನಾ ಹಿಡಿದು ಬಿಚ್ಚಿದೆ. ತುಕ್ಕು ಹಿಡಿದಿದ್ದ ಎರಡಕ್ಕೆ ಸುತ್ತಿಗೆ ಪೆಟ್ಟು ಕೊಡಬೇಕಾಯಿತು. ಪ್ರತಿ ಪೆಟ್ಟೂ ಕಬ್ಬಿಣದ ಮೂಲಕ ಅವನ ತೋಳಿಗೇ ಹೋಗುತ್ತಿತ್ತು. ಏಳನೆಯದೋ ಎಂಟನೆಯದೋ ಏಟಿಗೆ ಪ್ರಜ್ಞೆ ತಪ್ಪಿ ಜೋತುಬಿದ್ದ, ನಾಲ್ವರು ಎತ್ತಿ ಹಿಡಿದರು. ತಗಡು ಬಿಚ್ಚಿದಾಗ ಒಳಗೆ ಏನು ಕಂಡಿತೆಂದು ನಾನು ಬರೆಯುವುದಿಲ್ಲ. ಮಣಿಕಟ್ಟಿನಿಂದ ಕೆಳಗೆ ಕೈ ಎಂದು ಕರೆಯುವಂಥದ್ದು ಇರಲಿಲ್ಲ. ಸಿಮೆಂಟ್ ಚೀಲ ಒಯ್ಯುವ ಟೆಂಪೋದಲ್ಲೇ ಅವನನ್ನು ಮಲಗಿಸಿ ಕಲ್ಯಾಣಕ್ಕೆ ಒಯ್ದರು.

ಟೆಂಪೋ ಗೇಟು ದಾಟಿದ ಮೇಲೆ ಉಳಿದವರೆಲ್ಲ ತಿರುಗಿ ಕಂಟ್ರೋಲ್ ರೂಮಿನ ಕಡೆ ನೋಡಿದರು. ಮ್ಯಾನೇಜರು ಆಗಲೇ ಹಿಂದಿನ ಗೇಟಿನಿಂದ ಕಾರು ಹತ್ತಿ ಹೋಗಿದ್ದರು. ನಾನು ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ಅದು ತಪ್ಪಾಯಿತು, ಚಿಲಕ ಹಾಕಿದ ಸದ್ದಿಗೇ ಅವರಿಗೆ ರೇಗಿತು.

ಮೊದಲು ಗಾಜು ಹೋಯಿತು. ಆಮೇಲೆ ಸುತ್ತಿಗೆ, ಸಲಾಕೆ, ಸಲಿಕೆ ಏನು ಸಿಕ್ಕಿತೋ ಅದನ್ನೇ ಹಿಡಿದು ಇಪ್ಪತ್ತು ಮೂವತ್ತು ಜನ ಒಳಗೆ ಬಂದರು. ಪರದೆಯನ್ನು ಎತ್ತಿ ನೆಲಕ್ಕೆ ಬಡಿದರು. ನಾಲ್ಕು ತಿಂಗಳು ಕೂತು ನಾನು ಕಟ್ಟಿಸಿದ್ದ ಪ್ಯಾನೆಲಿನ ಬಾಗಿಲನ್ನು ಸಲಾಕೆಯಿಂದ ಮೀಟಿ ಕಿತ್ತರು. ಒಬ್ಬ ನನ್ನ ಕೊರಳಲ್ಲಿದ್ದ ಗುರುತಿನ ಚೀಟಿಯ ಪಟ್ಟಿ ಹಿಡಿದು ಎಳೆದ. ಉಸಿರು ಕಟ್ಟಿತು.

"ಕಿಸ್ನೇ ಚಾಲೂ ಕಿಯಾ? ಬೋಲ್!" ಯಾರು ಚಾಲೂ ಮಾಡಿದ್ದು, ಹೇಳು.

"ಯಾರೂ ಮಾಡಲಿಲ್ಲ," ಎಂದೆ ಹಿಂದಿಯಲ್ಲಿ. "ತಾನೇ ಚಾಲೂ ಆಯಿತು."

ಅದಕ್ಕಿಂತ ಕೆಟ್ಟ ಉತ್ತರ ಇರಲಿಲ್ಲ. ಚರ್ಮದ ಕೈಗವಸು ತೊಟ್ಟ ಕೈಯೊಂದು ನನ್ನ ಎಡಕಿವಿಯ ಮೇಲೆ ಬಿತ್ತು. ಲೋಕ ಒಂದು ಕಡೆಗೆ ವಾಲಿದಂತಾಯಿತು. ಎರಡನೆಯ ಏಟು ಬೀಳುವ ಮೊದಲು ಅಲ್ಲಿ ಕಸ ಗುಡಿಸುವ ಹೆಂಗಸು ನಡುವೆ ಬಂದು ನಿಂತಳು. ಮರಾಠಿಯಲ್ಲಿ ಅವರ ತಾಯಂದಿರನ್ನೆಲ್ಲ ಹೆಸರು ಹಿಡಿದು ಬೈದಳು, ಪೊರಕೆಯ ಹಿಡಿಯಿಂದ ಮುಂದಿದ್ದವನ ಎದೆಗೆ ತಿವಿದಳು. ಅವರು ಹೊರಗೆ ಹೋಗಿ ಅಲ್ಲಿ ಒಡೆಯುವುದಕ್ಕೆ ಇನ್ನೇನಿದೆ ಎಂದು ಹುಡುಕತೊಡಗಿದರು. ಪೊಲೀಸ್ ಜೀಪು ಬರಲು ಇನ್ನೂ ಕಾಲು ಗಂಟೆ ಇತ್ತು.

ಆ ಕಾಲು ಗಂಟೆಯಲ್ಲಿ ನಾನು ಮಾಡಿದ್ದನ್ನು ಹೇಳಲೇಬೇಕು. ಕಿತ್ತುಹೋದ ಬಾಗಿಲಿನ ಹಿಂದೆ ನೂರಾರು ತಂತಿಗಳ ನಡುವೆ ಆ ನೀಲಿ ತುಂಡು ಕಂಡಿತು. ಆಗಲೇ ನನಗೆ ಎಲ್ಲವೂ ನೆನಪಾದದ್ದು. ಅದನ್ನು ಹಿಡಿದು ಎಳೆದೆ. ಒಂದು ತುದಿ ಕಿತ್ತುಬಂತು. ಅದನ್ನು ಬೂಟಿನೊಳಗೆ ತುರುಕಿದರೆ ಯಾರಿಗೂ ಗೊತ್ತಾಗುವುದಿಲ್ಲ, ಪ್ಯಾನೆಲು ಹೇಗೂ ಪುಡಿಯಾಗಿದೆ. ಇನ್ನೊಂದು ತುದಿಯ ಸ್ಕ್ರೂ ಗಟ್ಟಿಯಾಗಿತ್ತು. ಸ್ಕ್ರೂಡ್ರೈವರಿಗೆ ಕೈ ಚಾಚಿದೆ. ಗುಡಿಸುವ ಹೆಂಗಸು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ತಂತಿಯ ವಿಷಯ ಏನೂ ತಿಳಿಯದು; ನನ್ನ ಕಿವಿಯಿಂದ ರಕ್ತ ಬರುತ್ತಿದೆಯೇ ಎಂದಷ್ಟೇ ನೋಡುತ್ತಿದ್ದಳು. ಕೈ ಹಿಂದಕ್ಕೆ ತೆಗೆದುಕೊಂಡೆ.

ಸಂಜೆ ಆಸ್ಪತ್ರೆಗೆ ಹೋದೆ. ಹೋಗಬೇಡ ಎಂದು ಪೊಲೀಸರೂ ಹೇಳಿದ್ದರು. ಆಪರೇಷನ್ ಕೋಣೆಯ ಹೊರಗಿನ ಬೆಂಚಿನಲ್ಲಿ ಅವನ ಹೆಂಡತಿ ಕೂತಿದ್ದಳು. ಡೊಂಬಿವಲಿಯ ಕೈಗಾರಿಕಾ ಪ್ರದೇಶದಲ್ಲಿ ಔಷಧಿ ಪ್ಯಾಕಿಂಗಿಗೆ ಹೋಗುತ್ತಿದ್ದವಳು, ತಲೆಗೆ ಕಟ್ಟಿದ ನೀಲಿ ಟೋಪಿ ತೆಗೆಯದೆಯೇ ಬಂದುಬಿಟ್ಟಿದ್ದಳು. ನಾನು ಯಾರೆಂದು ಹೇಳಿದೆ. ಆ ಯಂತ್ರ ಹಾಕಿದವಳು ನಾನು ಎಂದೆ.

ಅವಳು ಎದ್ದದ್ದು ಕಾಣಲಿಲ್ಲ. ಕೂದಲಿಗೆ ಕೈ ಬಿತ್ತು. "ಯಾಕ ತಿಂದಿ? ನನ್ನ ಗಂಡನ ಕೈ ಯಾಕ ತಿಂದಿ ನೀ?" ಎನ್ನುತ್ತ ನನ್ನ ತಲೆಯನ್ನು ಗೋಡೆಯ ಟೈಲ್ಸಿಗೆ ಬಡಿದಳು, ಮತ್ತೆ ಬಡಿದಳು. ಅವಳ ಬೆರಳುಗಳಲ್ಲಿ ಎಂಥ ಬಲವಿತ್ತೆಂದರೆ ಬಿಡಿಸಲು ಇಬ್ಬರು ವಾರ್ಡ್‌ಬಾಯ್‌ಗಳು ಬೇಕಾದರು. ನಾನು ಕೈ ಎತ್ತಲಿಲ್ಲ. ಒಳ್ಳೆಯತನದಿಂದಲ್ಲ, ಕೈ ಏಳಲಿಲ್ಲ. ಹಣೆಗೆ ನಾಲ್ಕು ಹೊಲಿಗೆ ಬಿದ್ದವು. ಅದೇ ಆಸ್ಪತ್ರೆಯಲ್ಲೇ ಹಾಕಿಸಿಕೊಂಡೆ. ಹೇಗಾಯಿತೆಂದು ಡಾಕ್ಟರು ಕೇಳಿದಾಗ ಜಾರಿಬಿದ್ದೆ ಎಂದೆ.

ಮನೆಗೆ ಬಂದರೆ ಫೋನಿನ ಮೇಲೆ ಫೋನು. ಕಾರ್ಖಾನೆಯ ಮ್ಯಾನೇಜರು, ಕೆಲಸಗಾರ ಕುಡಿದು ಬಂದಿದ್ದ ಎಂದು ಬರೆಸೋಣ, ನೀವೂ ಹಾಗೇ ಹೇಳಿ ಎಂದರು. ನಮ್ಮ ಸಾಹೇಬರು ಮೆತ್ತಗೆ ಮಾತಾಡಿದರು: ಪ್ಯಾನೆಲು ಒಡೆದವರು ಅವರೇ, ಆದ್ದರಿಂದ ಒಳಗೆ ಏನಿತ್ತೆಂದು ಯಾರೂ ಸಾಬೀತು ಮಾಡಲಾರರು, ನೀನು ಸುಮ್ಮನಿದ್ದರೆ ಸಾಕು. ನಾನು ಫೋನಿಟ್ಟು ಅಪ್ಪನಿಗೆ ತಂತಿಯ ವಿಷಯ ಹೇಳಿದೆ. ಅರ್ಧ ಎಳೆದದ್ದನ್ನೂ ಹೇಳಿದೆ.

"ನೀನು ಹೇಳದಿದ್ದರೆ ಗೊತ್ತಾಗುವುದಿಲ್ಲ ಅಲ್ವಾ?" ಅಂದರು ಅಪ್ಪ.

"ಇಲ್ಲ."

"ಹಾಗಾದರೆ ಎಂತಕ್ಕೆ ಹೇಳುವುದು? ಜೈಲಿಗೆ ಹೋಗ್ಲಿಕ್ಕೆ ಕಲಿಸಿದ್ದಾ ನಿನ್ನನ್ನು ನಾನು?"

ಅಮ್ಮ ತೀರಿಕೊಂಡ ಮೇಲೆ ಅಪ್ಪ ನನ್ನ ಮೇಲೆ ದನಿ ಎತ್ತಿದ್ದೇ ಇಲ್ಲ. ಅವತ್ತು ಒಲೆಯ ಮೇಲಿದ್ದ ಗಂಜಿಯ ಪಾತ್ರೆಯನ್ನು ಇಕ್ಕಳದ ಸಮೇತ ಸಿಂಕಿಗೆ ಎಸೆದರು. ಬಿಸಿ ಗಂಜಿ ಇಬ್ಬರ ಕಾಲಿಗೂ ಹಾರಿತು. ಬೆಳಗ್ಗೆ ಎದ್ದಾಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ಕೂತಿದ್ದರು. ಕಾರ್ಖಾನೆ ತಪಾಸಣಾಧಿಕಾರಿಯ ಕಚೇರಿಗೆ ನನ್ನ ಜೊತೆ ಬಂದರು. ಒಳಗೆ ಬರಲಿಲ್ಲ, ಹೊರಗಿನ ಮೆಟ್ಟಿಲ ಮೇಲೆ ಕೂತರು.

ಇದ್ದದ್ದನ್ನು ಇದ್ದಂತೆ ಬರೆದುಕೊಟ್ಟೆ. ಜಂಪರ್ ಹಾಕಿದ್ದು, ಮರೆತದ್ದು, ಎಳೆದದ್ದು, ಟ್ರಯಲ್ ದಿನ ಮ್ಯಾನೇಜರು ವಾಕಿಟಾಕಿ ಎಸೆದದ್ದು. ಅದೇ ಮಧ್ಯಾಹ್ನ ನನ್ನ ಕೆಲಸ ಹೋಯಿತು. ನನ್ನ ಮೇಲೂ, ಮ್ಯಾನೇಜರರ ಮೇಲೂ, ಎರಡೂ ಕಂಪನಿಗಳ ಮೇಲೂ ಪ್ರಕರಣ ದಾಖಲಾಯಿತು. ಅದು ಇನ್ನೂ ನಡೆಯುತ್ತಿದೆ. ಎಡಕಿವಿ ಅರ್ಧ ಕೇಳುತ್ತದೆ. ಆ ದಿನಗಳಲ್ಲಿ ಲೋಕಲ್ ರೈಲಿನ ಲೇಡೀಸ್ ಡಬ್ಬಾದಲ್ಲಿ ಯಾರಾದರೂ ಹಿಂದಿನಿಂದ ತಳ್ಳಿದರೂ ನಾನು ತಿರುಗಿ ಮೊಣಕೈಯಿಂದ ಹೊಡೆಯುತ್ತಿದ್ದೆ. ಒಮ್ಮೆ ದಿವಾ ಸ್ಟೇಷನ್ ಹತ್ತಿರ ಒಬ್ಬ ಹೆಂಗಸಿನ ತುಟಿ ಒಡೆಯಿತು. ಅವಳು ಬರೀ ಇಳಿಯಲು ದಾರಿ ಕೇಳಿದ್ದಳು.

ಎರಡು ತಿಂಗಳ ಮೇಲೆ ಅವನದೇ ಫೋನು ಬಂತು.

"ಬರ್ರಿ ಒಮ್ಮೆ ಮನಿಗೆ. ಕೇಳೋದದ."

ಕಲ್ಯಾಣ ಪೂರ್ವದಲ್ಲಿ ವಠಾರದಂಥ ಒಂದು ಚಾಳಿನಲ್ಲಿ ಎರಡು ಕೋಣೆ. ಹೆಂಡತಿ ಬಾಗಿಲು ತೆರೆದು, ನನ್ನ ಹಣೆಯ ಗಾಯದ ಗುರುತು ನೋಡಿ, ಚಹಾ ಇಟ್ಟಳು. ಅವನು ಚಾಪೆಯ ಮೇಲೆ ಕೂತಿದ್ದ. ಬಲಗೈ ಮೊಣಕೈಗಿಂತ ಸ್ವಲ್ಪ ಕೆಳಗೆ ಮುಗಿದಿತ್ತು, ತುದಿಗೆ ಬಿಳಿ ಬಟ್ಟೆ. ಬೂದಿ ಇಲ್ಲದ ಅವನ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕ ವಯಸ್ಸು.

"ನಿಂತಿತ್ತದು," ಅಂದ. "ನಾ ನೋಡೇ ಕೈ ಹಾಕ್ದೆ. ನಿಂತಿದ್ದು ಹ್ಯಾಂಗ ತಿರುಗ್ತು? ಬರದು ತೋರಸ್ರಿ."

ಹಾಳೆಯ ಮೇಲೆ ರೋಟರಿ ಬರೆದೆ. ಬಾಗಿಲು, ಸ್ವಿಚ್, ಅಲ್ಲಿಂದ ಪ್ಯಾನೆಲಿಗೆ ಹೋಗುವ ಎರಡು ಗೆರೆ. ಆ ಎರಡು ಗೆರೆಗಳ ನಡುವೆ ನನ್ನ ತಂತಿ. ಅವನು ಎಡಗೈ ಬೆರಳಿನಿಂದ ಗೆರೆಗಳನ್ನು ಹಿಂಬಾಲಿಸುತ್ತ ಬಂದ. ಆಮೇಲೆ ನಲವತ್ತು ಸೆಕೆಂಡಿನ ವಿಷಯ ಹೇಳಿದೆ. ಜಾಮ್ ಆಗಿ ನಿಂತದ್ದು ಪೂರ್ತಿ ನಿಂತದ್ದಲ್ಲ, ಕಾಯುತ್ತಿತ್ತು; ಮತ್ತೆ ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ ತಿರುಗಲು.

ಅವನ ಬೆರಳು ನಿಂತಿತು.

"ಹಿಂದ, ಮುಂದ," ಅಂದ. "ನಾ ಹೇಳಿಕೊಟ್ಟಿದ್ದಲ್ಲೇನ್ರಿ ಅದು?"

"ಹೌದು."

ಅವನು ಚಹಾದ ಗ್ಲಾಸನ್ನು ಎತ್ತಿ ನನ್ನ ತಲೆಯ ಪಕ್ಕದ ಗೋಡೆಗೆ ಹೊಡೆದ. ಗಾಜಿನ ಚೂರು ಮೂಲೆ ಮೂಲೆಗೆ ಸಿಡಿಯಿತು. ಚಹಾ ನನ್ನ ಹೆಗಲ ಮೇಲಿಂದ ಇಳಿಯಿತು. ಅವನು ಇಲ್ಲದ ಕೈಯನ್ನು ಗೋಡೆಗೆ ಗುದ್ದಲು ಹೋದ. ಬಟ್ಟೆ ಕಟ್ಟಿದ ತುದಿ ಗೋಡೆಗೆ ತಾಗಿ, ನೋವಿಗೆ ಚಾಪೆಯ ಮೇಲೆ ಮುದುಡಿಕೊಂಡ. ಹೆಂಡತಿ ಓಡಿಬಂದು ಅವನ ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದಳು. "ಹೋಗ್ರಿ ನೀವು," ಎಂದಳು ನನಗೆ. ನಾನು ಎದ್ದೆ.

"ಎಲ್ಲಿ ಹೊಂಟೀರಿ?" ಎಂದ ಅವನು ಮುಖ ಎತ್ತದೆಯೇ. "ಕೂಡ್ರಿ. ಇಂಥಾ ತಂತಿ ಇನ್ನ ಎಷ್ಟವ ಅಲ್ಲಿ?"

"ನಾನು ಹಾಕಿದ್ದು ಅದೊಂದೇ. ಬೇರೆಯವರು ಹಾಕಿದ್ದರೆ ನನಗೆ ಗೊತ್ತಿಲ್ಲ."

"ನೋಡಿದ್ರ ಗುರುತು ಸಿಗ್ತದೇನು?"

ಹೇಗೆ ಗುರುತಿಸಬೇಕೆಂದು ಹೇಳಿಕೊಟ್ಟೆ. ನಂಬರ್ ಪಟ್ಟಿ ಇಲ್ಲದ ತಂತಿ, ಅಕ್ಕಪಕ್ಕದ ಎರಡು ಸ್ಕ್ರೂಗಳನ್ನು ಕಮಾನಿನಂತೆ ಜೋಡಿಸುವ ತುಂಡು ತಂತಿ, ತಂತಿಗಳು ಹಾಯುವ ಪ್ಲಾಸ್ಟಿಕ್ ಕಾಲುವೆಯೊಳಗೆ ಹೋಗದೆ ಹೊರಗೆ ನೇತಾಡುವುದು. ಅವನು ಮೂರು ಸಲ ಕೇಳಿಸಿಕೊಂಡು ಹಾಳೆಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿದ. ಒಂದು ಕೈಯಲ್ಲಿ ಮಡಚಲು ಕಷ್ಟವಾಯಿತು. ನಾನು ಸಹಾಯಕ್ಕೆ ಹೋಗಲಿಲ್ಲ.

ಮುಂದಿನದನ್ನು ನನಗೆ ಹೇಳಿದ್ದು ಅವನ ಹೆಂಡತಿ, ಫೋನಿನಲ್ಲಿ. ಮರುದಿನವೇ ಅವನು ಕಾರ್ಖಾನೆಗೆ ಹೋದನಂತೆ. ಅಷ್ಟರಲ್ಲಿ ಪ್ಯಾನೆಲು ಸರಿಪಡಿಸಿ ಗಿರಣಿ ಮತ್ತೆ ಶುರುವಾಗಿತ್ತು. ಎಲ್ಲ ಪ್ಯಾನೆಲು ತೆರೆದು ತೋರಿಸಿ ಎಂದು ಗೇಟಿನಲ್ಲಿ ಕೂತ. ಹೊಸದಾಗಿ ಇಟ್ಟಿದ್ದ ಕಾವಲುಗಾರರು ಮೂವರು ಎಳೆದು ಹಾಕಿದರು. ಏಳದಿದ್ದಾಗ ಬೂಟುಗಾಲಿನಿಂದ ಒದ್ದರು. ಮುಂದಿನ ಹಲ್ಲೊಂದು ಮುರಿಯಿತು. ಬೆಳಗಿನ ಪಾಳಿಯವರು ಗೇಟಿಗೆ ಬಂದಾಗ ಅವನು ರಸ್ತೆಯಲ್ಲಿ ಕೂತು, ರಕ್ತ ಉಗುಳುತ್ತ, ಆ ಹಾಳೆಯನ್ನು ಒಬ್ಬೊಬ್ಬರಿಗೂ ತೋರಿಸುತ್ತಿದ್ದ. ಓದಲು ಬಾರದವರಿಗೂ ಚಿತ್ರ ತಿಳಿಯಿತು. ಕಂಟ್ರೋಲ್ ರೂಮು ಒಡೆದಿದ್ದ ಜನವೇ ಅವತ್ತು ಏನನ್ನೂ ಒಡೆಯಲಿಲ್ಲ. ಪ್ಯಾನೆಲು ತೆರೆಯುವವರೆಗೆ ಒಳಗೆ ಕಾಲಿಡುವುದಿಲ್ಲ ಎಂದು ಅವನ ಪಕ್ಕದಲ್ಲಿ ಕೂತರು.

ಎರಡು ದಿನ ಗಿರಣಿ ನಿಂತಿತು. ಮೂರನೆಯ ದಿನ ತಪಾಸಣಾಧಿಕಾರಿಯೇ ಬಂದು ಎದುರಿಗೆ ನಿಂತು ಪ್ಯಾನೆಲುಗಳನ್ನು ತೆರೆಸಿದರು. ಇನ್ನೆರಡು ಸಿಕ್ಕವು. ಒಂದು, ಕ್ಲಿಂಕರ್ ಒಯ್ಯುವ ಬೆಲ್ಟಿನ ಪಕ್ಕದ ಹಗ್ಗದ್ದು. ಯಾರಾದರೂ ಸಿಕ್ಕಿಕೊಂಡರೆ ಹಗ್ಗ ಎಳೆದು ಬೆಲ್ಟ್ ನಿಲ್ಲಿಸಬೇಕು, ಆ ಹಗ್ಗ ಎಳೆದರೂ ನಿಲ್ಲದಂತೆ ತಂತಿ ಹಾಕಿದ್ದರು. ಇನ್ನೊಂದು ಜಿಪ್ಸಂ ತೂಗುವ ಯಂತ್ರದ್ದು. ಎರಡೂ ಹಳೆಯವು, ಕಾವಿಗೆ ಬಣ್ಣ ಬಿಟ್ಟವು. ಯಾರು ಹಾಕಿದ್ದೆಂದು ಯಾರೂ ಒಪ್ಪಲಿಲ್ಲ. ವಾಕಿಟಾಕಿಯ ಏಟು ತಿಂದಿದ್ದ ಎಲೆಕ್ಟ್ರಿಷಿಯನ್ ಮಾತ್ರ, ಹಾಕು ಅಂದವರು ಯಾರೆಂದು ಕೇಳಿ, ಹಾಕಿದವರು ಯಾರೆಂದು ಆಮೇಲೆ ಕೇಳಿ ಎಂದನಂತೆ. ಈಗ ಅಲ್ಲಿ ಪ್ರತಿ ಯಂತ್ರದ ಮೇನ್ ಸ್ವಿಚ್ಚಿಗೆ ಬೀಗ. ಯಾರು ಕೈ ಹಾಕುತ್ತಾನೋ ಅವನು ಬೀಗ ಜಡಿದು ಕೀಲಿಯನ್ನು ತನ್ನ ಕೊರಳಿಗೇ ಕಟ್ಟಿಕೊಂಡು ಇಳಿಯಬೇಕು. ಆ ಬೀಗಗಳ ಉಸ್ತುವಾರಿಗೆ ಅವನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡರು. ಜನ ಅಷ್ಟಕ್ಕೆ ಬಿಡಲಿಲ್ಲ, ಅದಕ್ಕೆ. ಬೂದಿಯ ಅಳತೆ ಇಂದಿಗೂ ನನ್ನ ಪ್ರೋಗ್ರಾಮಿನದೇ; ಹಿಂದೆ ಮುಂದೆ ತಿರುಗುವ ಭಾಗವನ್ನು ಮಾತ್ರ ಅಳಿಸಿದ್ದಾರೆ.

ನನಗೆ ಎಂಟು ತಿಂಗಳು ಕೆಲಸ ಸಿಗಲಿಲ್ಲ. ಈಗ ರಬಾಳೆಯಲ್ಲಿ ಪ್ಯಾನೆಲು ಕಟ್ಟುವ ಸಣ್ಣ ವರ್ಕ್‌ಶಾಪಿನಲ್ಲಿದ್ದೇನೆ. ಕಟ್ಟಿದ್ದನ್ನು ಹೊರಗೆ ಕಳಿಸುವ ಮುಂಚೆ ತಂತಿ ತಂತಿ ನೋಡಿ ಸಹಿ ಹಾಕುವುದು ನನ್ನ ಕೆಲಸ. ನಾನು ನಿಧಾನ ಎಂದು ಮಾಲೀಕರು ಗೊಣಗುತ್ತಾರೆ.

ಕಳೆದ ವಾರ ಕೋರ್ಟಿನ ದಿನಾಂಕವಿತ್ತು. ಅವನೂ ಬಂದಿದ್ದ. ವಿಚಾರಣೆ ಮುಂದಕ್ಕೆ ಹೋಯಿತು. ಇಬ್ಬರೂ ಕಲ್ಯಾಣ ಸ್ಟೇಷನ್ನಿಗೆ ನಡೆದೆವು. ಅವನಿಗೆ ಅಂಬರನಾಥದಲ್ಲಿ ಯಾವುದೋ ಕಾರ್ಖಾನೆಯವರು ಹಾಳೆ ತೋರಿಸಲು ಕರೆದಿದ್ದರಂತೆ. ಸಂಜೆ ಐದರ ಗದ್ದಲ. ಬದ್ಲಾಪುರ ಲೋಕಲ್ ಬಂದಾಗ ಪ್ಲಾಟ್‌ಫಾರ್ಮಿಗೆ ಪ್ಲಾಟ್‌ಫಾರ್ಮೇ ಮುಂದಕ್ಕೆ ನುಗ್ಗಿತು. ಅವನ ಹೆಗಲಲ್ಲಿ ಚೀಲವಿತ್ತು, ಬಲತೋಳನ್ನು ಅಂಗಿಯೊಳಗೆ ಸೇರಿಸಿಕೊಂಡಿದ್ದ.

"ಚೀಲ ಕೊಡಿ, ಹತ್ತಿದ ಮೇಲೆ ಕಿಟಕಿಯಲ್ಲಿ ಕೊಡ್ತೇನೆ," ಎಂದೆ.

"ಬ್ಯಾಡ," ಅಂದ. "ನೀವು ಏನೂ ಹಿಡೀಬ್ಯಾಡ್ರಿ."

ಯಾರೋ ಅವನ ತೋಳಿಗೆ ಗುದ್ದಿಕೊಂಡು ಹೋದ. ಅವನು ಹಿಂದಿಯಲ್ಲಿ ಒಂದು ಕೆಟ್ಟ ಬೈಗುಳ ಬೈದು, ಎಡ ಹೆಗಲಿನಿಂದ ಮುಂದಿನವನ ಬೆನ್ನಿಗೆ ಡಿಕ್ಕಿ ಹೊಡೆದು, ನಡುವಿನ ಕಂಬಕ್ಕೆ ಕೈ ಹಾಕಿ ಮೇಲೇರಿದ. ಹಿಂದಿನಿಂದ ಜನ ತುರುಕಿಕೊಂಡರು. ರೈಲು ಹೊರಟಾಗ ಅವನ ಬೆನ್ನು ಅರ್ಧ ಹೊರಗಿತ್ತು, ಕಂಬ ಹಿಡಿದ ಐದು ಬೆರಳು ಮಾತ್ರ ನನಗೆ ಚೆನ್ನಾಗಿ ಕಂಡವು. ತಿರುವಿನವರೆಗೂ ನೋಡುತ್ತ ನಿಂತೆ.